ಓನರಮ್ಮನ ಕತ್ತರಿ

ಹೋದ ತಿಂಗಳು ಯಲಹಂಕದ ನಮ್ಮ ಅಪಾರ್ಟ್‌ಮೆಂಟಿನ ಕೆಳಗಡೆ ಹಾಲ್‌ನಲ್ಲಿ ಮಕ್ಕಳಿಗೆ ಕಾಗದದ ಬುಟ್ಟಿ ಮಾಡುವುದನ್ನು ಹೇಳಿಕೊಡುತ್ತಿದ್ದರು. ತರಕಾರಿಗೆಂದು ಹೊರಟಿದ್ದ ನಾನು ಬಾಗಿಲ ಬಳಿ ಬಂದಾಗ ಮೂಗಿಗೆ ಬಡಿದದ್ದು ನೆನೆದ ಪೇಪರಿನ ವಾಸನೆ, ಅದರ ಜೊತೆ ಅರೆದ ಮೆಂತ್ಯ... ಕಾಲು ಅಲ್ಲೇ ನಿಂತುಬಿಟ್ಟಿತು. ನನ್ನ ಮದುವೆಯಾದ ಹೊಸತರಲ್ಲಿ, ಶೆಟ್ಟಿಹಳ್ಳಿಯ ಬಾಡಿಗೆ ಮನೆಯ ಹಿತ್ತಲಲ್ಲಿ ಇದೇ ವಾಸನೆ ಇರುತ್ತಿತ್ತು. ಅದನ್ನು ಅಲ್ಲಿಗೆ ತಂದವರು ಮಹಡಿ ಮನೆಯ ಓನರಮ್ಮ.

ಅವರ ಮಗ ಬಿಲ್ಡಿಂಗ್ ಕಂಟ್ರಾಕ್ಟರ್. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಅವರ ಹೊಲದಲ್ಲೇ ಆ ಮನೆ ಎದ್ದಿತ್ತು. ಮೇಲೆ ಅವರು, ಕೆಳಗೆ ನಾವು. ನಮ್ಮ ಪಾಲಿನ ಹಿತ್ತಲಲ್ಲಿ ಅವರ ಹಳೆಯ ಒರಳುಕಲ್ಲೊಂದು ಉಳಿದುಕೊಂಡಿತ್ತು. ನಾವು ಹೋಗಿ ಇನ್ನೂ ಪಾತ್ರೆ ಜೋಡಿಸಿರಲಿಲ್ಲ, ಓನರಮ್ಮ ಒಂದು ಬಕೆಟ್ ಹಿಡಿದುಕೊಂಡು ಇಳಿದು ಬಂದರು. ಬಕೆಟ್ಟಿನ ತುಂಬ ನೆನೆಸಿದ ನ್ಯೂಸ್ ಪೇಪರು.

“ಒರಳು ನಿಮ್ಮ ಕಡೆ ಐತಲ್ಲವ್ವ. ಸೊಲ್ಪ ಅರ್ಕಂಡು ಓಗ್ತೀನಿ,” ಅಂದರು.

ಪೇಪರು, ಮೆಂತ್ಯ ಎರಡನ್ನೂ ನುಣ್ಣಗೆ ಅರೆದರು. ನನ್ನದೇ ಒಂದು ಪಾತ್ರೆ ಕೇಳಿ ತೆಗೆದುಕೊಂಡು, ಬೋರಲು ಹಾಕಿ, ಮೇಲೊಂದು ಒದ್ದೆ ಬಟ್ಟೆ ಹೊದಿಸಿ, ಅರೆದದ್ದನ್ನು ರೊಟ್ಟಿ ತಟ್ಟಿದ ಹಾಗೆ ಸುತ್ತ ತಟ್ಟಿದರು. ಚೆನ್ನಾಗಿ ಬಿಸಿಲು ಕಂಡ ಮೇಲೆ ಬಿಡಿಸಿದರೆ ಗಟ್ಟಿ ಬುಟ್ಟಿ! ಅದನ್ನು ಮೇಲಕ್ಕೆ ಒಯ್ಯುತ್ತಾರೆ ಅಂದುಕೊಂಡಿದ್ದೆ. “ನೀನೇ ಇಟ್ಕೊ, ಬೆಳ್ಳುಳ್ಳಿ ಆಕೋಕಾಯ್ತದೆ,” ಅಂದು ಬರಿಗೈಯಲ್ಲಿ ಮೆಟ್ಟಿಲು ಹತ್ತಿದರು.

ಸಂಜೆ ನನ್ನ ಗಂಡ ಬುಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಓನರ್‌ಗಳು ಸುಮ್ಸುಮ್ನೆ ಕೊಡಲ್ಲ ಕಣೇ. ಮನೇಲಿ ಏನೇನಿದೆ ಅಂತ ನೋಡ್ಕೊಂಡು ಹೋಗೋಕೆ ಬಂದಿರ್ತಾರೆ. ಆಮೇಲೆ ಬಾಡಿಗೆ ಏರಿಸ್ತಾರೆ, ನೋಡ್ತಿರು.”

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆಮೇಲೆ ಓನರಮ್ಮ ಬಂದಾಗಲೆಲ್ಲ ನಾನು ಅವರ ಕೈ ನೋಡುತ್ತಿರಲಿಲ್ಲ, ಕಣ್ಣು ನೋಡುತ್ತಿದ್ದೆ. ಆ ಕಣ್ಣು ನಿಜಕ್ಕೂ ಎಲ್ಲ ಕಡೆ ಓಡಾಡುತ್ತಿತ್ತು. ಕಿಟಕಿ ನೋಡಿ, “ಪರದೆ ಇಲ್ವಲ್ಲವ್ವ,” ಅನ್ನುವರು. ಮಾರನೇ ದಿನ ಬಣ್ಣ ಮಾಸಿದ ವಾಯಿಲ್ ಸೀರೆ ತಂದು ಎರಡು ಪರದೆ ಹೊಲಿಯುವರು. ಕಪಾಟು ತೆರೆದು, ಹ್ಯಾಂಗರಿನಿಂದ ಜಾರಿ ಬಿದ್ದ ನನ್ನ ಸೀರೆ ನೋಡಿ, ಹ್ಯಾಂಗರಿಗೆಲ್ಲ ಚಿಂದಿ ಸುತ್ತಿ ಟಾಕಿ ಹಾಕುವರು. ಕಾಲರ್ ಸವೆದ ನನ್ನ ಗಂಡನ ಶರ್ಟು ಬಿಚ್ಚಿ, ಒಳಮೈ ಹೊರಗೆ ಮಾಡಿ ಮತ್ತೆ ಹೊಲಿದರೆ ಹೊಸದೇ ಅನ್ನಿಸಬೇಕು. ಟೊಮೆಟೊ ತಂದ ಮರದ ಪೆಟ್ಟಿಗೆಗೆ ಹಳೇ ಬೆಡ್‌ಶೀಟ್ ಹೊದಿಸಿ ಮಾಡಿಕೊಟ್ಟ ಸ್ಟೂಲಿನ ಮೇಲೆ ನಮ್ಮ ಮಿಕ್ಸಿ ಕೂತಿತ್ತು. ಅವರ ಸೊಂಟದಲ್ಲಿ ಯಾವಾಗಲೂ ಒಂದು ಕಪ್ಪು ಕತ್ತರಿ, ಸೆರಗಿನ ಮರೆಯಲ್ಲಿ.

ಮರೆ ಯಾಕೆ? ಅದೇ ನನ್ನ ಅನುಮಾನಕ್ಕೆ ಮೂಲ. ಬಂದ ತಕ್ಷಣ “ಬಾಗ್ಲು ಆಕವ್ವ” ಅನ್ನುತ್ತಿದ್ದರು. ಅವರ ಸೊಸೆಯ ಸ್ಕೂಟಿ ಸದ್ದು ಗೇಟಿನಲ್ಲಿ ಕೇಳಿಸಿದರೆ ಸೂಜಿಯನ್ನು ಅರ್ಧಕ್ಕೇ ಚುಚ್ಚಿಟ್ಟು, ಹಿತ್ತಲ ಬಾಗಿಲಿನಿಂದ ಹೊರಟುಬಿಡುತ್ತಿದ್ದರು. ಮಾಡಿದ್ದರಲ್ಲಿ ಒಂದನ್ನೂ ಮೇಲೆ ಒಯ್ಯುತ್ತಿರಲಿಲ್ಲ. ಆಗ ನಾನು ಬಸುರಿ. ಪಕ್ಕದ ಮನೆಯ ಹೆಂಗಸು ಕಾಂಪೌಂಡಿನಾಚೆಯಿಂದ ಕೇಳಿದ್ದಳು, “ಬಸ್ರಿ ಹೆಂಗ್ಸು, ಬೇರೆಯವರು ಉಟ್ಟು ಬಿಟ್ಟ ಬಟ್ಟೆನೆಲ್ಲ ಮನೇಲಿ ಇಟ್ಕೊಂಡಿದೀರಲ್ಲ? ಯಾಕೆ ಕೊಡ್ತಿದ್ದಾರೆ ಅಂತ ಕೇಳಿದೀರಾ?”

ಒಂದು ಮಧ್ಯಾಹ್ನ ಕೇಳಿಯೇಬಿಟ್ಟೆ. “ಅಮ್ಮ, ಇದೆಲ್ಲ ಯಾಕೆ ಮಾಡ್ತೀರ ನಮಗೆ?”

ಅವರು ದಾರ ಕಚ್ಚಿ ತುಂಡು ಮಾಡುತ್ತಿದ್ದರು. “ಸುಮ್ಕೆ ಕಣವ್ವ,” ಅಂದರು.

ಸುಮ್ಮನೆ... ಬೆಂಗಳೂರಿನಲ್ಲಿ ಯಾರು ಏನನ್ನು ಸುಮ್ಮನೆ ಮಾಡುತ್ತಾರೆ? ಆ ಉತ್ತರದಿಂದ ನನ್ನ ಭಯ ಇನ್ನಷ್ಟು ಹೆಚ್ಚಿತು.

ಏಳು ತಿಂಗಳು ತುಂಬಿದಾಗ ಅವರು ಸೆರಗಿನಡಿಯಿಂದ ಮಡಿಸಿದ ಬಟ್ಟೆಯೊಂದನ್ನು ತೆಗೆದು ನನ್ನ ಚಾಪೆಯ ಮೇಲೆ ಬಿಡಿಸಿದರು. ಅರಿಶಿನ ಬಣ್ಣದ ರೇಷ್ಮೆ ಸೀರೆಯ ಅರ್ಧ ಭಾಗ, ಕೆಂಪು ಅಂಚು, ಮಡಿಸಿಟ್ಟ ಗೆರೆಯಲ್ಲೇ ನೂಲು ಬಿಟ್ಟಿತ್ತು. ನಾನು ಅದನ್ನು ಅವರ ಕಡೆಗೇ ಸರಿಸಿದೆ. “ಅಮ್ಮ, ರೇಷ್ಮೆ ಬೇಡ. ನಿಮ್ಮ ಸೊಸೆಗೆ ಹೇಳಿದೀರಾ?”

“ನನ್ನ ಸೀರೆಗೆ ಯಾರನ್ನ ಕೇಳ್ಬೇಕು? ಮಡಿಕೇಲಿ ಅರಿದೋಗೈತೆ. ಇನ್ನೆಷ್ಟು ದಿನ ಪೆಟ್ಟಿಗೇಲಿ ಮಡಗ್ಲಿ?” ಅಂದವರೇ ಕತ್ತರಿ ಆಡಿಸಿದರು. ಗಟ್ಟಿ ಇದ್ದ ಕಡೆಯ ಬಟ್ಟೆಯಲ್ಲಿ ಹುಟ್ಟಲಿರುವ ಮಗುವಿಗೆ ಕುಲಾವಿ ಆಯಿತು. ಉಳಿದ ಅಂಚು ನಮ್ಮ ಬಾಗಿಲ ಪರದೆಯ ತುದಿಗೆ ಹೋಯಿತು. ನೋಡುವುದಕ್ಕೆ ಎಷ್ಟು ಚೆನ್ನಾಗಿತ್ತು ಅಂದರೆ, ಬಿಚ್ಚಿಡಬೇಕು ಅಂದುಕೊಂಡವಳಿಗೆ ಮನಸ್ಸೇ ಬರಲಿಲ್ಲ.

ವಾರ ಕಳೆದಿರಲಿಲ್ಲ, ನೀರಿನ ಮೋಟರ್ ಸ್ವಿಚ್ಚು ಹಾಕಲು ಕೆಳಗೆ ಬಂದ ಸೊಸೆ ನಮ್ಮ ಬಾಗಿಲಲ್ಲಿ ನಿಂತರು. ಪರದೆಯ ತುದಿಯನ್ನು ಬೆರಳಲ್ಲಿ ಎತ್ತಿದರು.

“ಇದು ನಮ್ಮ ಅತ್ತೆ ಧಾರೆ ಸೀರೆ ಅಲ್ವಾ? ನಿಮ್ಮ ಮನೆಗೆ ಹೆಂಗ್ ಬಂತು?”

“ಅಮ್ಮನೇ ಕೊಟ್ಟಿದ್ದು...”

“ಅತ್ತೆ!” ಅಂತ ಮೇಲಕ್ಕೆ ಕೂಗಿದರು. ಓನರಮ್ಮ ಮೆಟ್ಟಿಲ ತಿರುವಿನಲ್ಲಿ ಕಾಣಿಸಿಕೊಂಡರು. ಅವರ ಹಿಂದೆ ಮಗ. “ಇದನ್ನ ನೀವು ಕೊಟ್ರಾ?”

ಓನರಮ್ಮ ಪರದೆ ನೋಡಿದರು. ಮಗನ ಮುಖ ನೋಡಿದರು. ನನ್ನನ್ನು ನೋಡಲಿಲ್ಲ.

“ನಂಗೇನ್ ಗೊತ್ತವ್ವ... ನಾನ್ ಬಟ್ಟೆ ಮುಟ್ಟೇ ಇಲ್ಲ.”

ಹೊಟ್ಟೆ ಹಿಡಿದುಕೊಂಡು ಅಲ್ಲೇ ಹೊಸಿಲ ಮೇಲೆ ಕೂತೆ. ಸೊಸೆ ಪರದೆ ಕಿತ್ತುಕೊಂಡು ಹೋದರು. ಮಗ ಜೋರು ಮಾಡಲಿಲ್ಲ. “ಗಲಾಟೆ ಬೇಡ. ಈ ತಿಂಗಳು ಖಾಲಿ ಮಾಡ್ಬಿಡಿ,” ಅಂದರು, ಅಷ್ಟೇ. ಸಂಜೆ ನನ್ನ ಗಂಡ ಊಟ ಬಿಟ್ಟು ಕೂತರು. “ನಾನ್ ಹೇಳ್ಲಿಲ್ವಾ? ಕಳ್ಳತನಾನ ನಮ್ಮ ತಲೆಗೆ ಕಟ್ಟೋಕೇ ಇಷ್ಟು ದಿನ ಬಂದಿದ್ದು ಅವಮ್ಮ.” ನನಗೂ ಹಾಗೇ ಅನ್ನಿಸಿತು. ಯಾವುದೋ ಒಡವೆ ಕಳೆದಿರಬೇಕು, ಮನೆಯಲ್ಲಿ ಏನೋ ನಡೆದಿರಬೇಕು, ನಾಳೆ ಪೊಲೀಸರನ್ನೇ ಕರೆಸುತ್ತಾರೇನೋ... ಏನೇನೋ ಯೋಚನೆ. ಆ ತಿಂಗಳೆಲ್ಲ ಮೇಲಿನ ಮನೆಯಲ್ಲಿ ಕುರ್ಚಿ ಎಳೆದ ಸದ್ದಿಗೂ ಬೆಚ್ಚುತ್ತಿದ್ದೆ. ಓನರಮ್ಮ ಒಂದು ದಿನವೂ ಕೆಳಗಿಳಿಯಲಿಲ್ಲ.

ಖಾಲಿ ಮಾಡುವ ದಿನ ಲಗೇಜ್ ಆಟೋಗೆ ಸಾಮಾನು ತುಂಬಿ ಆಗಿತ್ತು. ಮಗ, ಸೊಸೆ ಕೀಲಿ ತೆಗೆದುಕೊಳ್ಳಲು ಗೇಟಿನ ಹತ್ತಿರ ನಿಂತಿದ್ದರು. ಆಗ ಓನರಮ್ಮ ಇಳಿದು ಬಂದರು. ಈ ಸಲ ಕತ್ತರಿ ಕೈಯಲ್ಲೇ ಇತ್ತು, ಎಲ್ಲರಿಗೂ ಕಾಣುವ ಹಾಗೆ. ಇನ್ನೊಂದು ಕೈಯಲ್ಲಿ ಅದೇ ಅರಿಶಿನ ಸೀರೆಯ ಉಳಿದರ್ಧ, ಸೆರಗಿನ ಭಾಗ.

“ಇದನ್ನೂ ತಗಂಡೋಗವ್ವ. ಅರ್ಧ ಕತ್ತರಿಸ್ದೋಳು ನಾನೇ. ಇನ್ನರ್ಧ ಇಟ್ಕಂಡು ಏನ್ಮಾಡ್ಲಿ?”

ನಾನು ಕೈ ಚಾಚಿದೆ. ನನ್ನ ಗಂಡ ಮೆಲ್ಲಗೆ ಮೊಣಕೈ ಹಿಡಿದು ಎಳೆದರು. “ಮುಟ್ಬೇಡ. ನಾಳೆ ಇದನ್ನೂ ಕದ್ರು ಅಂತಾರೆ.”

ಅದು ಅವರಿಗೆ ಕೇಳಿಸಿತು. ಓನರಮ್ಮ ಮಗನ ಕಡೆ ತಿರುಗಿದರು.

“ನಾನ್ ಚಿಂದಿ ಕತ್ತರಿಸ್ತಾ ಕೂತಿದ್ದಾಗ ನಿನ್ ಪಾರ್ಟ್ನರು ಬಂದು, ಇವಮ್ಮ ಕೆಲ್ಸದೋರಾ ಅಂತ ಕೇಳ್ದ. ನಿಂಗೆ ಮಾನ ಓಯ್ತು. ಇನ್ಮೇಲೆ ಅಳೇ ಬಟ್ಟೆ ಮುಟ್ಟಲ್ಲ ಅಂತ ನಿನ್ ತಲೆ ಮೇಲೆ ಕೈ ಇಡಿಸ್ಕಂಡು ಆಣೆ ಮಾಡಿಸ್ದೆ. ಆಣೆ ಮುರಿದೀನಿ ಅಂದ್ರೆ ನಿಂಗೆಲ್ಲಿ ಏನಾಗ್ತದೋ ಅಂತ ಅವತ್ತು ಸುಳ್ಳೇಳ್ದೆ ಕಣೋ. ಈ ತುಂಬಿದ ಬಸ್ರೀನ ಕಳ್ಳಿ ಮಾಡಿ ಕಳಿಸಿದ್ರೆ ನಿಂಗೆ ಒಳ್ಳೇದಾಗ್ತದಾ? ಬಾಯ್ ಬುಟ್ಟು ಏಳು, ಇದು ನಮ್ಮವ್ವ ಕೊಟ್ಟಿದ್ದು ಅಂತ.”

ಬೀದಿಯ ಬಾಗಿಲುಗಳಲ್ಲಿ ಮುಖಗಳು ಕಾಣಿಸಿಕೊಂಡಿದ್ದವು. ಮಗ ಒಮ್ಮೆ ಆ ಕಡೆ ನೋಡಿದರು. ಆಮೇಲೆ ಅಮ್ಮನ ಕೈಯಿಂದ ಸೀರೆ ತೆಗೆದುಕೊಂಡು ತಾವೇ ತಂದು ನನ್ನ ಕೈಗಿಟ್ಟರು. “ತಗೊಳ್ಳಿ... ಅಮ್ಮಂದೇ. ಅಮ್ಮಾನೇ ಕೊಟ್ಟಿದ್ದು.” ಸೊಸೆ ಒಳಗೆ ಹೋದರು.

ಆಟೋ ಹೊರಟಾಗ ಓನರಮ್ಮ ಗೇಟಿನಲ್ಲೇ ನಿಂತಿದ್ದರು. ಆ ಕ್ಷಣದಲ್ಲೂ ನನ್ನ ಗಂಡ ಸೀರೆಯನ್ನು ಬಿಡಿಸಿ, ಒಳಗೆ ಬೇರೇನಾದರೂ ಇಟ್ಟಿದ್ದಾರಾ ಅಂತ ನೋಡುತ್ತಿದ್ದರು. ಏನೂ ಇರಲಿಲ್ಲ. ಸುಮ್ಮನೆ ಕೊಟ್ಟದ್ದು.

ಆಮೇಲೆ ಮಗು, ಮನೆಯಿಂದ ಮನೆಗೆ ಓಡಾಟ... ನಾಳೆ ಹೋಗೋಣ, ಹಬ್ಬಕ್ಕೆ ಹೋಗೋಣ ಅನ್ನುತ್ತಲೇ ವರ್ಷಗಳು ಕಳೆದವು. ಮೆಂತ್ಯದ ವಾಸನೆ ಮೂಗಿಗೆ ಬಿದ್ದ ಮೇಲೆ ಮನಸ್ಸು ತಡೆಯಲಿಲ್ಲ. ಆ ಭಾನುವಾರ ಹಣ್ಣು ತೆಗೆದುಕೊಂಡು ಶೆಟ್ಟಿಹಳ್ಳಿಗೆ ಹೋದೆ. ಬಾಗಿಲು ತೆರೆದವರು ಸೊಸೆ, ತಲೆ ನರೆತಿತ್ತು. ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು.

“ಅತ್ತೆ ಹೋಗಿ ಬಹಳ ದಿನ ಆಯ್ತು,” ಅಂದರು. ಕೂರಿಸಿ ಕಾಫಿ ಕೊಟ್ಟರು. ನಾನು ಏಳುವ ಹೊತ್ತಿಗೆ, ತಡೆದು ತಡೆದು ಕೇಳಿದರು. “ಅವರು ಮಾಡಿದ್ದು ಏನಾದ್ರೂ ಇದ್ಯಾ ನಿಮ್ಮ ಹತ್ರ? ಮಗಳು ಕೇಳ್ತಿರ್ತಾಳೆ, ಅಜ್ಜಿ ಕೈಯಾರೆ ಮಾಡಿದ್ದು ಏನಿದೆ ಅಂತ. ಈ ಮನೇಲಿ ಒಂದೂ ಇಲ್ಲ.”

ಬುಟ್ಟಿ ಯಾವ ಕಾಲಕ್ಕೋ ಮುರಿದಿತ್ತು. ಕಿಟಕಿಯ ಪರದೆಗಳು ಸವೆದು ನೆಲ ಒರೆಸುವ ಬಟ್ಟೆಯಾಗಿದ್ದವು. ಕುಲಾವಿ ನನ್ನ ಮಗಳ ತಲೆಯಿಂದ ತಂಗಿಯ ಮಗುವಿಗೆ, ಅಲ್ಲಿಂದ ಯಾರಿಗೋ ಹೋಗಿತ್ತು. ಉಳಿದರ್ಧ ಸೀರೆಯಲ್ಲಿ ಹೊಲಿಸಿದ ಲಂಗ ಮಗಳು ಉಟ್ಟು ಉಟ್ಟು ಹರಿದುಹೋಗಿತ್ತು. ಬಳಸಲಿ ಅಂತಲೇ ಅವರು ಮಾಡಿದ್ದು, ನಾವು ಬಳಸಿ ಮುಗಿಸಿದ್ದೆವು.

“ಇಲ್ಲ,” ಅಂದೆ.

“ನಿಜವಾಗ್ಲೂ ಒಂದೂ ಇಲ್ವಾ?”

“ನಿಜವಾಗ್ಲೂ ಇಲ್ಲ.”

ಅವರು ನನ್ನ ಮುಖವನ್ನು ಒಂದು ಗಳಿಗೆ ದಿಟ್ಟಿಸಿದರು. ನಂಬಲಿಲ್ಲ. ಈಗ ಸಾಕ್ಷಿ ಹೇಳುವುದಕ್ಕೆ ಅಮ್ಮ ಇಲ್ಲ.