ಹಿತ್ತಲಲ್ಲಿ ಕೂತು ಕೇಳಿದ ಸಿನಿಮಾ

ಬೆಟ್ಟದಪುರದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕನನ್ನು ಗಂಡ ಟೆಂಟ್ ಸಿನಿಮಾಕ್ಕೆ ಕಳಿಸುತ್ತಿರಲಿಲ್ಲ. ಅವಳು ಹಿತ್ತಲಲ್ಲಿ ಹೊಗೆಸೊಪ್ಪು ಕಟ್ಟುತ್ತಾ, ಟೆಂಟಿನಿಂದ ಗಾಳಿ ತಂದ ಮಾತು ಕೇಳಿಯೇ ನನಗೆ ಇಡೀ ಕತೆ ಹೇಳುತ್ತಿದ್ದಳು. "ಕಣ್ಮುಚ್ಕಂಡು ಕೇಳ್ಲಾ, ಎಲ್ಲಾ ಕಾಣ್ತದೆ" ಅನ್ನುತ್ತಾ, ಸೊಪ್ಪಿನ ಅಂಟು ಮೆತ್ತಿದ ಕೈಯಲ್ಲೇ ನಾಯಕನ ಕತ್ತಿ ಬೀಸುವಳು. ನನಗೆ ಸಿನಿಮಾ ಹುಚ್ಚು ಹಿಡಿದದ್ದು ಅಲ್ಲೇ.

ಹೋದ ವರ್ಷ ನಾನೇ ಮಾಡಿದ ಸಿನಿಮಾವನ್ನು ಊರ ಶಾಲೆಯ ಬಯಲಲ್ಲಿ ತೋರಿಸಿದೆ. ಅಕ್ಕನನ್ನು ಕರೆಯಲು ಹೋದರೆ ಗಂಡ ಜಗಲಿಯಿಂದಲೇ, "ನಮ್ಮನೆ ಹೆಂಗಸ್ರು ಪಿಚ್ಚರ್‌ಗೆ ಓಗಲ್ಲ ಕಣಯ್ಯ" ಎಂದ.

"ಬುಡ್ಲಾ, ಇತ್ಲಲ್ಲೇ ಕೇಳ್ಕತೀನಿ" ಎಂದಳು ಅವಳು ಒಳಗಿಂದ.

ನನ್ನ ಸಿನಿಮಾದಲ್ಲಿ ಒಂದೂ ಮಾತಿರಲಿಲ್ಲ, ಸಂಗೀತವೂ ಇರಲಿಲ್ಲ. ಪಟ್ಟಣದಲ್ಲಿ ಅದನ್ನೇ ಹೊಗಳಿದ್ದರು.

ಮರುದಿನ ಅಕ್ಕ ಬೇಲಿಯಾಚೆಯಿಂದ ಕೇಳಿದಳು: "ಕಣ್ಮುಚ್ಕಂಡೇ ಕೂತಿದ್ದೆ ಕಣ್ಲಾ. ನಿನ್ನೆ ಮಿಸಿನ್ನು ಕೆಟ್ಟೋಗಿತ್ತಾ?"