ಕೂಸು ಹುಟ್ಟುವ ಮುಂಚಿನ ಕ್ಯೂ

ಪರದೇಶದ ನಮ್ಮ ಊರು ಮಿಲ್ಟನ್ನಿನಲ್ಲಿ ನಾನು ಹೊಕ್ಕ ಮೊದಲ ಡೇಕೇರಿನಲ್ಲಿ ಕೇಳಿದ ಮೊದಲ ಪ್ರಶ್ನೆಗೇ ನಾನು ಫೇಲಾದೆ. ಹೆಸರು ಯಾವಾಗ ಬರೆಸಿದ್ದಿರಿ ಎಂದು ಕೌಂಟರಿನ ಹೆಂಗಸು ಕೇಳಿದಳು. ಈಗ ಬರೆಸಲೆಂದೇ ಬಂದಿದ್ದೇನೆ ಎಂದೆ. ಮಗುವಿಗೆ ಎಂಟು ತಿಂಗಳು ಎಂದು ಗೊತ್ತಾದಾಗ ಅವಳು, ಇಲ್ಲಿ ಹೆಚ್ಚಿನವರು ಬಸುರಿ ಎಂದು ತಿಳಿದ ಕೂಡಲೇ ಫೋನ್ ಮಾಡಿಬಿಡುತ್ತಾರೆ ಎಂದು ಬಹಳ ಮೃದುವಾಗಿ ತಿಳಿಸಿದಳು.

ನಮ್ಮಲ್ಲಿ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡರೆ ನಗುತ್ತಾರೆ. ನನ್ನ ಅಮ್ಮನಂತೂ ಮೈಸೂರಿನಿಂದ ಫೋನಿನಲ್ಲೇ ಕಾವಲು ಕೂತಿದ್ದಳು. ತೊಟ್ಟಿಲು ತರಬೇಡ, ಬಟ್ಟೆ ತರಬೇಡ. ಕಾರಿನಲ್ಲಿ ಕೂಸನ್ನು ಕಟ್ಟಿ ಕೂರಿಸುವ ಸೀಟೊಂದಕ್ಕೆ ಒಪ್ಪಿದ್ದೂ, ಅದಿಲ್ಲದಿದ್ದರೆ ಆಸ್ಪತ್ರೆಯವರು ಮಗುವನ್ನು ಮನೆಗೆ ಕಳಿಸುವುದಿಲ್ಲ ಎಂದು ನಾನು ಹೆದರಿಸಿದ ಮೇಲೆ. ಹೀಗಿರುವಾಗ ಹುಟ್ಟದ ಮಗುವಿಗೆ ಡೇಕೇರಿನಲ್ಲಿ ಜಾಗ ಹಿಡಿಯುವುದುಂಟೇ? ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಆ ಒಂಬತ್ತು ತಿಂಗಳು ಅಮ್ಮನ ಮಾತನ್ನು ಮೀರಲಿಲ್ಲ, ಅದಕ್ಕಾಗಿ ಇವತ್ತಿಗೂ ನನಗೆ ನಾಚಿಕೆಯಿಲ್ಲ.

ಆದರೆ ಪೇಚಿಗೆ ಸಿಕ್ಕಿಕೊಂಡದ್ದು ನಿಜ. ನಮ್ಮ ಹೊಸ ಬಡಾವಣೆಯಲ್ಲಿ ಮನೆಗೊಂದು ಕೂಸಿನ ಸ್ಟ್ರಾಲರ್ ಗಾಡಿ ಇತ್ತು, ಲೈಸೆನ್ಸ್ ಇದ್ದ ಡೇಕೇರುಗಳು ಮಾತ್ರ ಬೆರಳೆಣಿಕೆಯಷ್ಟು. ನನ್ನ ವರ್ಷದ ಹೆರಿಗೆ ರಜೆ ಮುಗಿಯುವುದರೊಳಗೆ ಸೀಟು ಸಿಗದಿದ್ದರೆ ಹೆದ್ದಾರಿಯಾಚೆ ಮೆಡೋವೇಲಿನಲ್ಲಿದ್ದ ಆಫೀಸಿನ ಕೆಲಸ ಬಿಡಬೇಕಿತ್ತು. ಬಾಣಂತನಕ್ಕೆ ಬಂದಿದ್ದ ಅಮ್ಮ ಇನ್ನೂ ನಮ್ಮೊಂದಿಗೇ ಇದ್ದಳು, ನಿಜ. ಆದರೆ ಮೈಸೂರಿನಲ್ಲಿ ತಮ್ಮನ ಹೆಂಡತಿ ಬಸುರಿಯಾಗಿದ್ದಳು. ಅವಳಿಗೆ ತಾಯಿಯಿಲ್ಲ, ಆ ಬಾಣಂತನಕ್ಕೂ ಅಮ್ಮನೇ ಆಗಬೇಕಿತ್ತು.

ನಮ್ಮ ಕನ್ನಡದವರ ಬಳಿ ಉತ್ತರ ಸಿದ್ಧವಾಗಿತ್ತು. ಪಕ್ಕದ ಮಿಸ್ಸಿಸಾಗದಲ್ಲಿ ಒಬ್ಬರು ಆಂಟಿ ತಮ್ಮ ಮನೆಯ ಬೇಸ್‌ಮೆಂಟಿನಲ್ಲಿ, ಅಂದರೆ ನೆಲಮಾಳಿಗೆಯಲ್ಲಿ, ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. "ಲೈಸೆನ್ಸ್ ಗೀಸೆನ್ಸ್ ಎಲ್ಲಾ ಯಾಕ್ರೀ? ನಮ್ಮೋರು, ಅನ್ನ ಸಾರು ತಿನ್ನಿಸ್ತಾರೆ, ಕನ್ನಡ ಮಾತಾಡ್ತಾರೆ" ಎಂದು ಸಿಕ್ಕಿದವರೆಲ್ಲ ಹೇಳಿದರು. ನನ್ನ ಗಂಡ ಆಗಲೇ ಮನಸ್ಸಿನಲ್ಲಿ ಮಗುವನ್ನು ಅಲ್ಲಿ ಸೇರಿಸಿಯೂ ಆಗಿತ್ತು.

ಹೋಗಿ ನೋಡಿದೆ. ಆಂಟಿ ಒಳ್ಳೆಯವರು, ಅವರ ಉಪ್ಪಿಟ್ಟು ಇನ್ನೂ ಒಳ್ಳೆಯದು. ತಟ್ಟೆ ಹಿಡಿದುಕೊಂಡೇ ಮಕ್ಕಳನ್ನು ಎಣಿಸತೊಡಗಿದೆ. ನಡುವೆ ಸೋಫಾದ ಹಿಂದಿನಿಂದ ಇನ್ನೊಂದು ಕೂಸು ತೆವಳಿಕೊಂಡು ಬಂದು ಲೆಕ್ಕ ತಪ್ಪಿತು. ಮೇಲೆ ಹೋಗಲು ಇದ್ದದ್ದು ಒಂದೇ ಮೆಟ್ಟಿಲಸಾಲು, ಅದರ ತುಂಬ ಬೂಟುಗಳು.

"ಆಂಟಿ, ಬೆಂಕಿ ಗಿಂಕಿ ಹತ್ಕೊಂಡ್ರೆ ಇಷ್ಟು ಮಕ್ಕಳನ್ನ ಹೇಗೆ ಹೊರಗೆ ಕರ್ಕೊಂಡು ಹೋಗ್ತೀರ?" ಎಂದು ಕೇಳಿದೆ.

"ಬಿಡ್ತು ಅನ್ನಮ್ಮ. ಮಗೂನ ಸೇರಿಸೋಕೆ ಬಂದು ಅಂಥ ಮಾತಾಡ್ತಾರಾ ಯಾರಾದ್ರೂ?" ಎಂದರು ಆಂಟಿ.

ಬಿಡ್ತು ಎಂದೆ, ಉಪ್ಪಿಟ್ಟು ಮುಗಿಸಿದೆ, ಬೂಟು ಹುಡುಕಿಕೊಂಡು ಮೇಲೆ ಬಂದೆ. ಲೈಸೆನ್ಸ್ ಇದ್ದವರು ಎಂದರೆ ಯಾರು ಎಂದು ನನಗೆ ಆ ಮೆಟ್ಟಿಲ ಮೇಲೆ ಸ್ಪಷ್ಟವಾಯಿತು: ಬಿಡ್ತು ಅನ್ನದೆ ಆ ಪ್ರಶ್ನೆಗೆ ಉತ್ತರ ಹೇಳಲೇಬೇಕಾದವರು. ನಾನು ಸಾಫ್ಟ್‌ವೇರ್ ಟೆಸ್ಟರ್. ಅಪಶಕುನದ ಪ್ರಶ್ನೆ ಕೇಳುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಆಂಟಿಯ ಕಡೆಯವರು ನನಗೆ ಜಂಬ ಎಂದರು. ಅನ್ನಲಿ.

ಅಂದಿನಿಂದ ಹೋದಲ್ಲೆಲ್ಲ ಅದೇ ಪ್ರಶ್ನೆ. ಹೋಗುತ್ತಿದ್ದದ್ದೂ ಅವರು ಹೇಳಿದ ಬೆಳಗಿನ ಹೊತ್ತಿಗಲ್ಲ, ಮಕ್ಕಳ ಊಟದ ಹೊತ್ತಿಗೆ. ಬೆಳಿಗ್ಗೆ ಹೋಗುವುದೆಂದರೆ ಹೆಣ್ಣು ನೋಡಲು ಹೋದಂತೆ, ಎಲ್ಲರೂ ಚೆನ್ನಾಗಿಯೇ ಕಾಣುತ್ತಾರೆ. ಶಾಪಿಂಗ್ ಮಾಲಿನ ಪಕ್ಕದ ಡೇಕೇರಿನಲ್ಲಿ ಗಾಜಿನ ಗೋಡೆಗಳಿದ್ದವು, ಮೀನಿನ ತೊಟ್ಟಿಯಿತ್ತು, ಮಗುವಿನ ಮಿದುಳಿನ ಬೆಳವಣಿಗೆಯ ಬಗ್ಗೆ ಉಪನ್ಯಾಸವೂ ಆಯಿತು. ಊಟದ ಹೊತ್ತಿಗೆ ಸಾಲಾಗಿ ಕೂತ ಕೂಸುಗಳು ಅಳುತ್ತಿದ್ದರೆ ಅಲ್ಲಿಯವರು ಮೇಜು ಒರೆಸುತ್ತಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲ. ಆಫೀಸಿನ ಹತ್ತಿರದ್ದು ಚೆನ್ನಾಗಿತ್ತು, ಆದರೆ ಹಿಮ ಬಿದ್ದ ದಿನ ಮಗುವನ್ನು ಹಿಂದಿನ ಸೀಟಿನಲ್ಲಿ ಕಟ್ಟಿಕೊಂಡು ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿ ನಿಲ್ಲುವುದು ನನಗೆ ಬೇಡವಾಗಿತ್ತು.

ಕೊನೆಗೆ ಸಿಕ್ಕಿದ್ದು ಹಳೆಯ ಮಿಲ್ಟನ್ನಿನ ಒಂದು ಚರ್ಚಿನ ಕೆಳಗೆ. "ಇದೂ ಬೇಸ್‌ಮೆಂಟೇ ಅಲ್ವಾ?" ಎಂದು ಗಂಡ ರೇಗಿಸಿದ. ಕಾರ್ಪೆಟ್ಟು ಸವೆದಿತ್ತು, ಸೂಪಿನ ವಾಸನೆಯಿತ್ತು, ಲೈಸೆನ್ಸು ಬಾಗಿಲಲ್ಲೇ ತೂಗುತ್ತಿತ್ತು. ನನ್ನ ಪ್ರಶ್ನೆ ಕೇಳಿದ ಕೂಡಲೇ ಕೂಸುಗಳ ಕೋಣೆಯ ಟೀಚರ್ ಚಕ್ರವಿದ್ದ ಒಂದು ದೊಡ್ಡ ತೊಟ್ಟಿಲನ್ನು ಎಳೆದು ತಂದು ತೋರಿಸಿದಳು. ನಾಲ್ಕು ಕೂಸುಗಳನ್ನು ಒಟ್ಟಿಗೆ ಇದರಲ್ಲಿ ಕೂರಿಸಿ ಮೆಟ್ಟಿಲಿಲ್ಲದ ಆ ಇಳಿಜಾರು ದಾರಿಯ ಬಾಗಿಲಿನಿಂದ ಹೊರಗೆ ತಳ್ಳುತ್ತೇವೆ, ಪ್ರತಿ ತಿಂಗಳೂ ಅಭ್ಯಾಸ ಮಾಡುತ್ತೇವೆ, ಮಕ್ಕಳಿಗೆ ಅದು ತೇರು ಏರಿದಷ್ಟು ಖುಷಿ ಎಂಬರ್ಥದ ಮಾತು ಹೇಳಿದಳು. ಆಮೇಲೆ ಮಗುವನ್ನೆತ್ತಿಕೊಂಡು ನನ್ನ ಜೊತೆ ಬಂದಿದ್ದ ಅಮ್ಮನ ಕಡೆ ತಿರುಗಿ, ನಿಮ್ಮ ಮೊಮ್ಮಗಳು ಹೇಗೆ ಮಲಗುತ್ತಾಳೆ ಎಂದು ಕೇಳಿದಳು. ಅಮ್ಮ ಸೀರೆಯ ಮೇಲಿನ ಜಾಕೆಟ್ಟನ್ನೂ ಬಿಚ್ಚದೆ ನೆಲದಲ್ಲಿ ಕೂತು, ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ತೂಗಿ ತೋರಿಸಿದಳು. ಟೀಚರ್ ತಾನೂ ಪಕ್ಕದಲ್ಲಿ ಕಾಲು ಚಾಚಿ ಕೂತಳು.

ಇದೇ ಎಂದು ನಾನು ಅಲ್ಲೇ ನಿರ್ಧರಿಸಿದೆ. ಹೆಸರು ಬರೆಸಿ, ಪ್ರತಿ ಶುಕ್ರವಾರ ಫೋನ್ ಮಾಡತೊಡಗಿದೆ. ನನ್ನ ಧ್ವನಿ ಕೇಳಿದರೇ ಅವರು ನಗುವಷ್ಟು ಪರಿಚಯವಾಯಿತು. ಕಾಡದೆ ಈ ದೇಶದಲ್ಲೂ ಏನೂ ಸಿಗುವುದಿಲ್ಲ.

ರಜೆ ಮುಗಿಯಲು ಇನ್ನೂ ತಿಂಗಳಿದೆ ಎನ್ನುವಾಗ ಅವರೇ ಫೋನ್ ಮಾಡಿದರು. ಒಂದು ಕುಟುಂಬ ಬೇರೆ ಊರಿಗೆ ಹೊರಟಿದೆ, ಸೋಮವಾರದಿಂದಲೇ ಬರುವುದಾದರೆ ಸೀಟು ನಿಮ್ಮದು, ಇಲ್ಲದಿದ್ದರೆ ಮುಂದಿನವರಿಗೆ ಎಂದರು. ಬರುತ್ತೇವೆ ಎಂದೆ. ಫೋನ್ ಇಟ್ಟು ತಿರುಗಿದರೆ ಅಮ್ಮನ ಮುಖ ಕಪ್ಪಿಟ್ಟಿತ್ತು. ಅವಳು ಮೈಸೂರಿಗೆ ಹೊರಡಲೂ ಹೆಚ್ಚುಕಡಿಮೆ ಅಷ್ಟೇ ದಿನ ಉಳಿದಿತ್ತು.

"ನಾನು ಗುಂಡುಕಲ್ಲಿನ ಹಾಗೆ ಮನೇಲಿರುವಾಗ ಮಗೂನ ಯಾರದೋ ಕೈಗೆ ಕೊಡ್ತೀಯೇನೇ? ಕೇಳಿದೋರು ಏನಂತಾರೆ?"

"ಅಮ್ಮ, ನೀನು ಹೋದ್ಮೇಲೆ ಅಳೋದನ್ನ ನೀನಿರುವಾಗ್ಲೇ ಅತ್ತು ಮುಗಿಸ್ಲಿ. ಸಂಜೆ ಮನೆಗೆ ಬಂದ್ರೆ ನೀನಿರ್ತೀಯಲ್ಲ."

ಎರಡು ದಿನ ಅಮ್ಮ ಪಾಪುವನ್ನು ಕೈಯಿಂದ ಕೆಳಗಿಳಿಸಲಿಲ್ಲ. ನನಗೂ ಸಂಕಟವಾಯಿತು. ಆದರೆ ನಾನು ಬಗ್ಗಲಿಲ್ಲ. ಸೋಮವಾರ ಪಾಪು ಮುಗಿಲು ಹರಿಯುವಂತೆ ಅತ್ತಳು. ಅಮ್ಮ ಡೇಕೇರಿನ ಕಾರಿಡಾರಿನ ಬೆಂಚಿನಲ್ಲಿ ಕೂತು ಏಳಲೊಲ್ಲೆ ಎಂದಳು. ಮಾರನೆಯ ದಿನವೂ ಕೂತಳು. ಮೂರನೆಯ ವಾರದ ಹೊತ್ತಿಗೆ ಬೆಂಚು ಬಿಟ್ಟು ಮನೆಯಲ್ಲೇ ಉಳಿದು, ಸಂಜೆ ಕರೆತರಲು ಮಾತ್ರ ನನ್ನ ಜೊತೆ ಬರುತ್ತಿದ್ದಳು.

ಅಮ್ಮ ವಿಮಾನ ಹತ್ತುವ ವಾರದ ಒಂದು ಸಂಜೆ ಇಬ್ಬರೂ ಒಳಗೆ ಹೋದೆವು. ಪಾಪು ಟೀಚರ ಚಾಚಿದ ಕಾಲ ಮೇಲೆ ಅರೆನಿದ್ದೆಯಲ್ಲಿದ್ದಳು. ಅಮ್ಮ ಎರಡೂ ಕೈ ಚಾಚಿ, "ಬಾ ಪಾಪು" ಎಂದಳು. ಪಾಪು ಕಣ್ಣು ಬಿಟ್ಟು ಅಜ್ಜಿಯನ್ನು ನೋಡಿದಳು. ಆಮೇಲೆ ತಿರುಗಿ ಟೀಚರ ಹೊಟ್ಟೆಗೆ ಮುಖ ಒತ್ತಿಕೊಂಡಳು.

ತಿಂಗಳುಗಟ್ಟಲೆ ನಾನು ಹುಡುಕಿದ್ದು ಇದನ್ನೇ. ಅದು ಸಿಕ್ಕ ಆ ಗಳಿಗೆಯಲ್ಲಿ ನನಗದು ಬೇಡವಾಗಿತ್ತು. ಅಮ್ಮನ ಕೈಗಳು ಸ್ವಲ್ಪ ಹೊತ್ತು ಹಾಗೇ ಗಾಳಿಯಲ್ಲಿದ್ದವು. ಆಮೇಲೆ ಅವಳು ಅವನ್ನು ಹಿಂದಕ್ಕೆ ತಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಅತ್ತು ನನ್ನ ಹತ್ರ ಓಡಿ ಬಂದಿದ್ರೆ ಟಿಕೆಟ್ಟು ಮುಂದಕ್ಕೆ ಹಾಕಿಸ್ತಿದ್ದೆ ಕಣೇ," ಎಂದಳು. "ಇನ್ನು ಹೋಗ್ಬಹುದು."

ಜಾಕೆಟ್ಟು ತೊಡಿಸಲು ನಾನು ಮಗುವನ್ನು ಎತ್ತಿಕೊಳ್ಳಹೋದೆ. ಅಮ್ಮ ನನ್ನ ತೋಳು ಹಿಡಿದು ತಡೆದಳು. ಮಕ್ಕಳ ಒಂದು ಗಿಡ್ಡ ಕುರ್ಚಿಯನ್ನು ಎಳೆದುಕೊಂಡು ಟೀಚರ ಪಕ್ಕ ಕೂತು, "ಎಳೀಬೇಡ, ತಾನಾಗೇ ಬರಲಿ" ಎಂದಳು. ಪಾಪು ಬರಲು ಬಹಳ ಹೊತ್ತು ಹಿಡಿಯಿತು. ಅಮ್ಮ ಕಾದಳು.