ಎಬೋ ರಿಪೇರಿ ಮಾಡಿದ ಜವಳಿ ಅಂಗಡಿ

ಎಬೋ ಬೆಂಟ್ಸಿಲ್‌ನನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಅವನ ಮೇಲೋ, ಅವನನ್ನು ಹಾಗೆ ಮಾಡಿದವರ ಮೇಲೋ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಹೇಳಲಾರೆ. ನಮ್ಮ ಕಡಲತೀರದ ಊರು ಸೆಕೊಂಡಿಯ ಪೇಟೆಬೀದಿಯಲ್ಲಿ ಆ ಕಟ್ಟಡದ ಎದುರಿಗೇ ಕೂತು ಮೂವತ್ತು ವರ್ಷ ಕೆಂಕೆ ಮಾರಿದವಳು ನಾನು. ಬಾಳೆಲೆ ಬಿಚ್ಚಿ, ಹುಳಿ ಬಂದ ಮೆಕ್ಕೆಜೋಳದ ಮುದ್ದೆಯನ್ನು ಗಿರಾಕಿಯ ಕೈಗಿಟ್ಟು ತಲೆ ಎತ್ತಿದರೆ ನನಗೆ ಕಾಣುತ್ತಿದ್ದುದು ಅದೊಂದೇ.

ಎರಡು ಅಂತಸ್ತು. ಕೆಳಗೆ ಕಮಾನಿನ ಜಗಲಿ, ಮೇಲೆ ಮರದ ಬಾಲ್ಕನಿ. ಹಡಗುಗಳು ನಮ್ಮೂರಿಗೇ ಬರುತ್ತಿದ್ದ ಕಾಲದಲ್ಲಿ ಎಬೋನ ಅಪ್ಪನ ಸೋದರಮಾವ ಜವಳಿ ವ್ಯಾಪಾರಕ್ಕೆಂದು ಕಟ್ಟಿಸಿದ್ದು. ಬಂದರು ಪಕ್ಕದೂರು ತಕೊರಾಡಿಗೆ ಹೋಯಿತು, ವ್ಯಾಪಾರವೂ ಅದರ ಹಿಂದೆಯೇ ಹೋಯಿತು. ಎಬೋನ ಅಪ್ಪ ಸಾಯುವ ಹೊತ್ತಿಗೆ ಬಾಲ್ಕನಿ ಒಂದು ಕಡೆ ಜೋತುಬಿದ್ದು, ಒಳಗೆ ಬೀದಿಯ ಆಡುಗಳು ಮಲಗುತ್ತಿದ್ದವು.

ಎಬೋ ರೈಲ್ವೆ ಕಾರ್ಖಾನೆಯಲ್ಲಿ ಬಡಗಿಯಾಗಿದ್ದ. ಕೆಲಸ ಹೋದ ಮೇಲೆ ಅವನಿಗೆ ಒಂದೇ ಹುಚ್ಚು. ಆ ಕಟ್ಟಡ ಮತ್ತೆ ಅಂಗಡಿಯಾಗಬೇಕು, ಕೆಳಗಿನ ಹಜಾರದಲ್ಲಿ ತಾನು ಬಟ್ಟೆ ಮಾರಬೇಕು, ಮೇಲೆ ಕರೆಂಟು, ಫ್ಯಾನು ಹಾಕಿಸಿ ಆಫೀಸುಗಳಿಗೆ ಬಾಡಿಗೆಗೆ ಬಿಡಬೇಕು. ಆದರೆ ಕಟ್ಟಡ ಅವನದಲ್ಲವಲ್ಲ! ನಮ್ಮಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ. ಗಂಡಸಿನ ಮನೆ ಅವನ ಅಕ್ಕತಂಗಿಯರ ಮಕ್ಕಳಿಗೆ, ಅವನು ಹುಟ್ಟಿಸಿದ ಮಗನಿಗಲ್ಲ. ಆಗ ಅಪ್ಪನ ಮನೆತನಕ್ಕೆ ಯಜಮಾನನಾಗಿದ್ದವನು ಎಬೋನ ಚಿಕ್ಕಪ್ಪ ಎಸ್ಸಿಲ್ಫಿ. ಒಳ್ಳೆಯ ಮನುಷ್ಯ. ನನ್ನ ಬೆಂಚಿನ ಮೇಲೆ ಕೂತು ಮೀನು ಮುರಿಯುತ್ತಲೇ ಅಂದ:

"ಮಾಡ್ಕೋ ಹೋಗು ಮಗಾ. ನೀನಿರೋವರ್ಗೂ ಆ ಕಟ್ಟಡ ನಿಂದೇ. ಒಂದು ಬಾಟ್ಲಿ ಜಿನ್ ತಂದಿಡು, ಹಿರೀರ್ನೆಲ್ಲ ಕೂರ್ಸಿ ಅವ್ರ ಮುಂದೇನೇ ಹೇಳ್ಬಿಡ್ತೀನಿ."

ನಮ್ಮಲ್ಲಿ ಪಡೆದವನು ಹಿರಿಯರ ಮುಂದೆ ಬಾಟಲಿ ಇಟ್ಟು, ಅವರೆಲ್ಲ ಒಂದೊಂದು ಗುಟುಕು ಕುಡಿದರೇ ಕೊಟ್ಟದ್ದು ಕೊಟ್ಟಂತೆ. ಇದು ಮೂಗು ಸುರಿಸುವ ಮಕ್ಕಳಿಗೂ ಗೊತ್ತು.

"ಈಗ ಬೇಡ ಚಿಕ್ಕಪ್ಪ," ಅಂದ ಎಬೋ. "ಸೋರೋ ಸೂರಿನ ಕೆಳಗೆ, ಆಡಿನ ಹಿಕ್ಕೆ ಮೇಲೆ ಹಿರೀರ್ನ ಕೂರ್ಸೋಕೆ ನಂಗೆ ನಾಚ್ಕೆ ಆಗುತ್ತೆ. ಎಲ್ಲ ಮುಗೀಲಿ. ಹೊಸ ಹಜಾರದಲ್ಲೇ ಕುಡಿಯೋಣ."

"ಅಷ್ಟೊತ್ತಿಗೆ ನಾನು ಸತ್ರೆ?"

"ನೀವಾ? ನಮ್ಮನ್ನೆಲ್ಲ ಹೂತು, ತಿಥಿ ಊಟಾನೂ ಮಾಡ್ಕೊಂಡು ಹೋಗೋ ಆಸಾಮಿ!"

ಮೂವರೂ ನಕ್ಕೆವು. ನನ್ನ ಬಾಯಿಗೆ ಮಣ್ಣು ಹಾಕ, ನಾನಾದರೂ ಗದರಿಸಿ ಹೇಳಬಾರದಿತ್ತೇ?

ಒಂಬತ್ತು ವರ್ಷ ಅವನು ಅಲ್ಲಿ ಜೀವ ತೇಯ್ದ. ಹಿಂದೆ ಯಾರೋ ಬುದ್ಧಿವಂತರು ಬಳಿದಿದ್ದ ಸಿಮೆಂಟಿನಿಂದಾಗಿ ಹಳೆಯ ಕಲ್ಲುಗೋಡೆ ಉಸಿರಾಡಲಾಗದೆ ಒಳಗೊಳಗೇ ಕೊಳೆಯುತ್ತಿತ್ತು. ಅಷ್ಟನ್ನೂ ಉಳಿಯಿಂದ ಕೆತ್ತಿ ತೆಗೆದ. ಸಿಂಪಿಯ ಚಿಪ್ಪು ಆಯ್ದು ತಂದು ಸುಟ್ಟು, ಆ ಸುಣ್ಣವನ್ನು ಗುಂಡಿಯಲ್ಲಿ ತಿಂಗಳುಗಟ್ಟಲೆ ನೆನೆಹಾಕಿ, ಬೆಣ್ಣೆಯ ಹದಕ್ಕೆ ಬಂದ ಮೇಲೆ ಗೋಡೆಗೆ ಮೆತ್ತಿದ.

"ಏನೋ ಎಬೋ, ನಿನ್ ಹೆಂಡ್ತಿ ಮುಖಕ್ಕೆ ಯಾವತ್ತಾದ್ರೂ ಇಷ್ಟು ಪೌಡರ್ ಬಳಿದಿದ್ಯಾ?" ಎಂದು ನಾನು ಕಾಡಿಸುತ್ತಿದ್ದೆ.

"ಅವ್ಳು ಹಿಂಗೆ ಸುಮ್ನೆ ನಿಂತ್ಕೊಂಡಿದ್ರೆ ಬಳೀತಿದ್ದೆ ಅರಬಕ್ಕ," ಅನ್ನುತ್ತಿದ್ದ.

ಹೆಂಡತಿ ಆರನೆಯ ವರ್ಷಕ್ಕೆ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಎಬೋ ಎರಡು ದಿನ ಮಂಕಾಗಿದ್ದು, ಮೂರನೆಯ ದಿನ ಮತ್ತೆ ಏಣಿ ಹತ್ತಿದ. ಬಾಲ್ಕನಿಯ ಕಂಬಗಳನ್ನು ಒಂದೊಂದಾಗಿ ಬದಲಾಯಿಸಿದ. ವೈರು ಎಳೆಸಿದ, ಕಪಾಟುಗಳಿಗೆ ಗಾಜು ಕೂಡಿಸಿದ. ಕೊನೆಗೆ ಒಂದು ಸೋಮವಾರ ಬೀದಿಬಾಗಿಲುಗಳಿಗೆ ಹಸಿರು ಬಣ್ಣ ಬಳಿದು, ಕೈ ಒರೆಸುತ್ತಾ ಬಂದ.

"ಇನ್ನು ಎರಡೇ ವಾರ ಅಕ್ಕ. ಬಾಟ್ಲಿನೂ ತಂದಿಟ್ಟಿದೀನಿ."

ಆ ಗುರುವಾರವೇ ಎಸ್ಸಿಲ್ಫಿ ಬಚ್ಚಲಲ್ಲಿ ಜಾರಿ ಬಿದ್ದು ಸತ್ತ.

ಯಜಮಾನಿಕೆ ಎಸ್ಸಿಲ್ಫಿಯ ಅಕ್ಕನ ಮಗ ಕ್ವಾಮೆನಾನಿಗೆ ಹೋಯಿತು. ಮಣ್ಣಾದ ನಲವತ್ತು ದಿನಕ್ಕೆ ಹಿರಿಯರೆಲ್ಲ ಅದೇ ಹಜಾರದಲ್ಲಿ ಸೇರಿದರು. ಎಬೋ ಬಿಳಿ ಅಂಗಿ ತೊಟ್ಟು ಬಂದು ಬಾಟಲಿಯನ್ನು ನಡುವೆ ಇಟ್ಟ.

"ಏನಿದು?" ಅಂದ ಕ್ವಾಮೆನಾ.

"ಚಿಕ್ಕಪ್ಪ ನಂಗೆ ಇದನ್ನ ಕೊಟ್ಟಿದ್ರಲ್ಲ, ಅದಕ್ಕೆ."

"ಕೊಟ್ಟೋರು ಮಣ್ಣಲ್ಲಿದಾರೆ. ಅವ್ರ ಎದುರು ಇಟ್ಟಿದ್ಯಾ? ಇಲ್ಲಿರೋರಲ್ಲಿ ಯಾರಾದ್ರೂ ಕುಡಿದಿದೀರಾ?"

ಯಾರು ಕುಡಿದಿದ್ದರು? ನನಗೆ ತಡೆಯಲಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದವಳು ಒಳಗೆ ನುಗ್ಗಿ, "ನಾನು ಕಿವಿಯಾರ ಕೇಳಿದೀನಿ!" ಎಂದು ಕೂಗಿದೆ.

"ಅಮ್ಮಾ, ನೀವು ಕೇಳಿದ್ದು ಮೀನು ತಿನ್ನೋವಾಗ ಆಡಿದ ಮಾತು," ಅಂದ ಕ್ವಾಮೆನಾ. ದನಿ ಏರಿಸಲಿಲ್ಲ, ಮೆತ್ತಗೇ ಅಂದ. ನನಗೆ ಇನ್ನಷ್ಟು ಉರಿಯಿತು, ಏಕೆಂದರೆ ನಮ್ಮ ಕಟ್ಟಳೆಯಂತೆ ಅವನು ಹೇಳಿದ್ದು ಸರಿ. ಹಿರಿಯರು ಬಾಟಲಿ ಮುಟ್ಟದೆ ಎದ್ದರು. ಒಬ್ಬ ಮುದುಕ ಮಾತ್ರ ಗೋಡೆ ಸವರಿ, "ಕೆಲ್ಸ ಅಚ್ಚುಕಟ್ಟಾಗಿದೆ" ಅಂದ.

ಈಗ ಅಲ್ಲೊಂದು ಮೊಬೈಲ್ ಅಂಗಡಿಯಿದೆ. ಬಾಲ್ಕನಿಯ ಅಡ್ಡಕ್ಕೂ ಹಳದಿ ಬೋರ್ಡು ಹೊಡೆದಿದ್ದಾರೆ. ಎಬೋ ರೈಲ್ವೆ ಕ್ವಾರ್ಟರ್ಸಿನ ಹಿಂದೆ ಒಂದು ತಗಡಿನ ಕೋಣೆ ಹಿಡಿದ. ದಿನಾ ನನ್ನಲ್ಲಿಗೆ ಬಂದು ಉಣ್ಣುತ್ತಿದ್ದ, ಆದರೆ ಬೀದಿಗೆ ಬೆನ್ನು ಹಾಕಿ ಕೂರುತ್ತಿದ್ದ. ಅವನು ಅತ್ತದ್ದನ್ನು ನಾನು ಕಾಣೆ. ಮನೆಗೆ ಹೋಗಿ ಅತ್ತವಳು ನಾನು.

ಮರುವರ್ಷ ಹತ್ತಿರದ ಊರು ಶಾಮಾದಲ್ಲಿ ಅವನ ತಾಯಿಯ ತಮ್ಮ ತೀರಿಕೊಂಡ. ಬಸ್ ನಿಲ್ದಾಣದ ಎದುರು ಅವನದೊಂದು ಹಳೆಯ ಮನೆ, ಮುಂದುಗಡೆ ಅಂಗಡಿ. ಅದೇ ಕಟ್ಟಳೆಯ ಪ್ರಕಾರ ಅದು ಅಕ್ಕನ ಮಗ ಎಬೋನ ಪಾಲಿಗೆ ಬಂತು. ಬೀಗದ ಕೈ ತೆಗೆದುಕೊಂಡು ಹೋದವನು ಮೂರು ದಿನಕ್ಕೆ ವಾಪಸು ಬಂದು ನನ್ನ ಬೆಂಚಿನ ಮೇಲೆ ಕೂತ.

"ಮಾವನ ಮಗ ಅಲ್ಲೇ ಇದಾನೆ ಅಕ್ಕ. ಟೇಲರ್. ಅಂಗಡಿ ಗೋಡೆ ಬಿದ್ದೋಗಿತ್ತಂತೆ, ಒಬ್ನೇ ಎತ್ತಿ ಕಟ್ಟಿದಾನೆ. ಉಗುರಲ್ಲಿ ಗೀರಿ ನೋಡ್ದೆ. ಒಂದ್ ಚೂರೂ ಉದುರ್ಲಿಲ್ಲ."

ನನ್ನ ಎದೆ ಹಗುರಾಯಿತು. ಸದ್ಯ, ಈ ನೋವು ಗೊತ್ತಿರುವವನ ಕೈಗೇ ಆ ಮನೆ ಬಂತಲ್ಲ ಅಂದುಕೊಂಡೆ.

"ಒಳ್ಳೇದಾಯ್ತು ಬಿಡು. ಇಬ್ರೂ ಒಟ್ಟಿಗೇ ಇರ್ತೀರಾ?"

ಎಬೋ ಎಲೆ ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ.

"ತಿಂಗಳ ಕೊನೆಗೆ ಖಾಲಿ ಮಾಡು ಅಂದೆ. ನಂಗೆ ಐವತ್ತೆಂಟಾಯ್ತು ಅರಬಕ್ಕ. ಇನ್ನೊಂದು ಗೋಡೆ ಕಟ್ಟೋ ಶಕ್ತಿ ಇಲ್ಲ ನಂಗೆ."

ಬೈಯಲೆಂದು ಬಾಯಿ ತೆರೆದೆ. ಅವನು ಇನ್ನೊಂದು ಮೀನು ಕೇಳಿದ. ಹಾಕಿದೆ.